ಆಟದ ಬಯಲಿನಲ್ಲಿ ಕೈ ಮತ್ತು ಮಣಿಕಟ್ಟು

ಆಟದ ಬಯಲಿನಲ್ಲಿ ಹೆಚ್ಚಾಗಿ ದುಡಿಯುವ ಅವಯವಗಳಲ್ಲಿ ಕೈಯೂ ಒಂದು. ಚೆಂಡನ್ನು ಹಿಡಿಯುವುದಕ್ಕೂ ಎಸೆಯುವುದಕ್ಕೂ, ದಾಂಡನ್ನು ಬೀಸುವುದಕ್ಕೂ, ಕಬಡ್ಡಿಯಲ್ಲಿ ಎದುರಾಳಿಯನ್ನು ತಡೆದು ನಿಲ್ಲಿಸುವುದಕ್ಕೂ ಕೈಯೇ ಬೇಕು. ಓಡುತ್ತ ಮುಗ್ಗರಿಸಿದಾಗ ನೆಲಕ್ಕೆ ಮೊದಲು ಊರುವುದೂ ಕೈಯನ್ನೇ. ಆದುದರಿಂದ ಅದಕ್ಕೆ ಪೆಟ್ಟಾಗುವುದು ಸಹಜ. ಆದರೆ ಕಾಲಿಗೆ ಪೆಟ್ಟಾದೊಡನೆ ವೈದ್ಯರನ್ನು ಕಾಣುವ ಆಟಗಾರನು, ಬೆರಳಿಗೆ ಪೆಟ್ಟಾದರೆ “ಉಳುಕಿದೆ, ನಾಲ್ಕು ದಿನಗಳಲ್ಲಿ ಸರಿಹೋದೀತು” ಎಂದು ಸುಮ್ಮನಾಗುತ್ತಾನೆ. ನೊಂದ ಕಾಲು ನಡೆಯಗೊಡುವುದಿಲ್ಲ. ನೊಂದ ಕೈಯ ಕೆಲಸವನ್ನಾದರೋ ಇನ್ನೊಂದು ಕೈ ವಹಿಸಿಕೊಳ್ಳುತ್ತದೆ. ಈ ಅಲಕ್ಷ್ಯದ ಫಲವನ್ನು ಕೆಲವರು ಜೀವಮಾನವಿಡೀ ಅನುಭವಿಸಬೇಕಾಗುತ್ತದೆ. ಅದು ಹೇಗೆಂಬುದನ್ನು ತಿಳಿಯಲು ಕೈಯ ರಚನೆಯನ್ನು ಸ್ವಲ್ಪ ಅವಲೋಕಿಸೋಣ.

ಕೈಯ ರಚನೆ

ಒಂದು ಕೈಯಲ್ಲಿ ೨೭ ಮೂಳೆಗಳಿವೆ. ಮಣಿಕಟ್ಟಿನಲ್ಲಿ ೮, ಅಂಗೈಯಲ್ಲಿ ೫, ಬೆರಳುಗಳಲ್ಲಿ ೧೪. ಮೂಳೆಯನ್ನು ಮೂಳೆಗೆ ಬಿಗಿಯುವ ಗಟ್ಟಿಯಾದ ಪಟ್ಟಿಗಳಿಗೆ ಅಸ್ಥಿಬಂಧನಿಗಳೆಂದು ಹೆಸರು. ಮಾಂಸಖಂಡವನ್ನು ಮೂಳೆಗೆ ಜೋಡಿಸುವ ಹುರಿಗಳೇ ಸ್ನಾಯುರಜ್ಜುಗಳು.

ಬಲ ಮುಂಗೈಯನ್ನು ಎಡಗೈಯಿಂದ ಹಿಡಿದುಕೊಂಡು ಬಲಗೈ ಬೆರಳುಗಳನ್ನು ಮಡಿಸಿ ನೋಡಿರಿ. ಮುಂಗೈಯ ಮಾಂಸಖಂಡಗಳು ಉಬ್ಬುವುದು ಸ್ಪಷ್ಟವಾಗಿ ತಿಳಿಯುತ್ತದೆ. ಬೆರಳುಗಳೊಳಗೆ ಅವನ್ನು ಮಡಿಸುವ ಮಾಂಸಖಂಡಗಳೇ ಇಲ್ಲ! ಸೂತ್ರದ ಬೊಂಬೆಯನ್ನು ಆಡಿಸುವವನು ತೆರೆಯ ಹಿಂದಿರುವಂತೆ, ಬೆರಳನ್ನು ಬಲವಾಗಿ ಎಳೆಯುವ ಮಾಂಸಖಂಡಗಳು ಮುಂಗೈಯಲ್ಲಿದ್ದು, ಉದ್ದವಾದ ರಜ್ಜುಗಳ ಮೂಲಕ ಕೆಲಸ ಮಾಡುತ್ತವೆ. ಈ ಸೂತ್ರ ಹರಿದರೆ ಬೆರಳು ನಿರುಪಯೋಗಿ.

ಬೆರಳ ತುದಿಗೆ ಪೆಟ್ಟು

ಕ್ರಿಕೆಟ್ ಚೆಂಡಿನ ತೂಕ ಸುಮಾರು ೧೬೦ ಗ್ರಾಂ. ಅದು ಗಂಟೆಗೆ ೭೨ ಕಿಲೋಮೀಟರ್, ಎಂದರೆ ಸೆಕೆಂಡಿಗೆ ೨೦ ಮೀಟರ್ ವೇಗದಲ್ಲಿ ಬಂದರೆ, ಅದರ ಚಲನಶಕ್ತಿ ೩೨ ಜೌಲ್. ಕೈಯನ್ನು ಹಿಂದಕ್ಕೆ ಸರಿಸುತ್ತ ೨೦ ಸೆಂಟಿಮೀಟರ್ ದೂರದಲ್ಲಿ ಅದನ್ನು ನಿಲ್ಲಿಸಿದರೆ ಕೈಯ ಮೇಲೆ ಬೀಳುವ ಸರಾಸರಿ ಬಲ ಸುಮಾರು ೧೬ ಕಿಲೋಗ್ರಾಂ ಭಾರಕ್ಕೆ ಸಮ. ಕೈಯನ್ನು ಬಿಗಿಹಿಡಿದು ೨ ಸೆಂಟಿಮೀಟರಿನಲ್ಲೇ ನಿಲ್ಲಿಸಿದರೆ ಆ ಬಲ ಹತ್ತುಪಟ್ಟಾಗುತ್ತದೆ. ಅನುಭವಿ ಆಟಗಾರರು ಚೆಂಡಿನೊಡನೆ ಕೈಯನ್ನೂ ಹಿಂದಕ್ಕೆ ಒಯ್ಯುವ ರಹಸ್ಯ ಇದೇ. ಕ್ರಿಕೆಟಿನ ನಿಯಮದಂತೆ ವಿಕೆಟ್ ಕೀಪರನ ಹೊರತು ಬೇರೆ ಯಾವ ಕ್ಷೇತ್ರರಕ್ಷಕನೂ ಕೈಗವಸು ತೊಡುವಂತಿಲ್ಲವಾದ್ದರಿಂದ ಈ ಕೌಶಲವೇ ಉಳಿದವರಿಗೆ ರಕ್ಷೆ.

ಚೆಂಡು ಅಂಗೈಗೆ ಬೀಳದೆ ನೀಡಿದ ಬೆರಳಿನ ತುದಿಗೆ ಬಡಿದರೆ, ತುದಿಯ ಗೆಣ್ಣು ಥಟ್ಟನೆ ಮಡಿಸಿಕೊಂಡು, ಅದನ್ನು ನೆಟ್ಟಗೆ ನಿಲ್ಲಿಸುವ ರಜ್ಜು ಹರಿಯಬಹುದು. ಆಗ ಬೆರಳ ತುದಿ ಬಾಗಿಯೇ ನಿಲ್ಲುತ್ತದೆ. ಎಷ್ಟು ಪ್ರಯತ್ನಿಸಿದರೂ ತಾನಾಗಿ ನೆಟ್ಟಗಾಗದು. ವಾಲಿಬಾಲ್, ಬ್ಯಾಸ್ಕೆಟ್‌ಬಾಲ್ ಆಟಗಳಲ್ಲಿಯೂ ಇದು ಸಾಮಾನ್ಯ. ತುದಿಗೆಣ್ಣನ್ನು ದಬ್ಬೆಯಿಂದ ನೆಟ್ಟಗೆ ಕಟ್ಟಿ ೬ರಿಂದ ೮ ವಾರ ಬಿಡುವಿಲ್ಲದೆ ಇರಿಸುವುದೇ ಸಾಮಾನ್ಯವಾದ ಚಿಕಿತ್ಸೆ. ಸ್ನಾನಕ್ಕೆಂದು ದಬ್ಬೆಯನ್ನು ಬಿಚ್ಚಿ ಒಮ್ಮೆ ಬೆರಳನ್ನು ಮಡಿಸಿದರೂ ಕೂಡತೊಡಗಿದ್ದ ರಜ್ಜು ಮತ್ತೆ ಬೇರ್ಪಟ್ಟು, ದಿನಗಳ ಎಣಿಕೆ ಮೊದಲಿನಿಂದ ಆರಂಭವಾಗಬೇಕಾಗುತ್ತದೆ.

ಇದಕ್ಕೆ ವಿರುದ್ಧವಾದ ಗಾಯವೂ ಉಂಟು. ಓಡುತ್ತಿರುವ ಎದುರಾಳಿಯ ಉಡುಪನ್ನು ಬೆರಳುಗಳಿಂದ ಬಿಗಿಹಿಡಿದಾಗ ಅವನು ಕೊಸರಿಕೊಂಡರೆ, ಬೆರಳನ್ನು ಮಡಿಸುವ ರಜ್ಜು ಮೂಳೆಯಿಂದ ಕಿತ್ತುಬರಬಹುದು. ಹೆಚ್ಚಾಗಿ ಪೆಟ್ಟು ತಿನ್ನುವುದು ಉಂಗುರದ ಬೆರಳು. ಮುಷ್ಟಿ ಹಿಡಿದಾಗ ಆ ಬೆರಳ ತುದಿ ಮಡಿಯದಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಕಿತ್ತ ರಜ್ಜು ಅಂಗೈಯತ್ತ ಸರಿದು ಕುಗ್ಗುವುದರಿಂದ, ಶಸ್ತ್ರಚಿಕಿತ್ಸೆ ವಾರ ಹತ್ತು ದಿನಗಳೊಳಗೆ ನಡೆದರೆ ಒಳ್ಳೆಯದು.

ಹೆಬ್ಬೆರಳು

ಹೆಬ್ಬೆರಳು ಹೊರಕ್ಕೆ ಸೆಳೆಯಲ್ಪಟ್ಟರೆ ಅದರ ಬುಡದ ಒಳಬದಿಯ ಬಂಧನಿ ಹರಿಯಬಹುದು. ಹಿಮದ ಮೇಲೆ ಜಾರುವ ಆಟದಲ್ಲಿ ಕೋಲು ಹಿಡಿದೇ ಬೀಳುವವರಿಗೂ, ಚೆಂಡನ್ನು ತಡೆಯುವ ಗೋಲ್‌ಕೀಪರರಿಗೂ ಇದು ಸಂಭವಿಸುತ್ತದೆ. ಹರಿದ ತುದಿ ಕೆಲವೊಮ್ಮೆ ಪಕ್ಕದ ಪೊರೆಯ ಮೇಲಕ್ಕೆ ಸರಿದು ತನ್ನ ಸ್ಥಾನಕ್ಕೆ ಮರಳಲಾರದೆ ಉಳಿಯುವುದೆಂದು ಸ್ಟೆನರ್ ಎಂಬ ವೈದ್ಯರು ೧೯೬೨ರಲ್ಲಿ ವಿವರಿಸಿದರು. ಅಂಥ ಬಂಧನಿ ತಾನಾಗಿ ಕೂಡದು. ಚಿಕಿತ್ಸೆಯಾಗದಿದ್ದರೆ ಚಿವುಟುವ ಹಿಡಿತವೇ ಸಡಿಲವಾಗಿ, ಬೀಗದ ಕೈ ತಿರುಗಿಸುವುದೂ ಕಷ್ಟವಾದೀತು.

ಮಣಿಕಟ್ಟಿನ ಮೋಸ

ಮುಂದಕ್ಕೆ ಚಾಚಿದ ಅಂಗೈಯ ಮೇಲೆ ಬಿದ್ದಾಗ ಇಡೀ ದೇಹದ ಭಾರ ಮಣಿಕಟ್ಟಿನ ಮೇಲೆ ಎರಗುತ್ತದೆ. ಮುಂಗೈಯ ರೇಡಿಯಸ್ ಮೂಳೆ ಮಣಿಕಟ್ಟಿನ ಬಳಿ ಮುರಿಯುವುದು ಇದರಿಂದಲೇ. ಎಕ್ಸ್-ಕಿರಣಗಳು ೧೮೯೫ರಲ್ಲಿ ಪತ್ತೆಯಾಗುವುದಕ್ಕೆ ಎಷ್ಟೋ ಮೊದಲು, ೧೮೧೪ರಲ್ಲಿಯೇ ಡಬ್ಲಿನ್ ನಗರದ ವೈದ್ಯ ಏಬ್ರಹಾಂ ಕಾಲಿಸ್ ಈ ಮುರಿತವನ್ನು ವರ್ಣಿಸಿದ್ದರು. ಕೈ ಸೊಟ್ಟಗಾಗಿ ಊದಿಕೊಂಡರೆ ಯಾರೂ ಇದನ್ನು ಅಲಕ್ಷಿಸರು. ಬೆಳೆಯುವ ವಯಸ್ಸಿನವರಲ್ಲಿ ಮೂಳೆಯ ಕೊನೆಯಲ್ಲಿರುವ ಬೆಳವಣಿಗೆಯ ಪದರಕ್ಕೆ ಪೆಟ್ಟಾಗುವ ಸಂಭವವೂ ಉಂಟು.

ನಿಜವಾಗಿ ಮೋಸಮಾಡುವುದು ಸ್ಕೇಫಾಯಿಡ್ ಎಂಬ ಚಿಕ್ಕ ಮೂಳೆ. ಗ್ರೀಕ್ ಭಾಷೆಯಲ್ಲಿ ದೋಣಿಯೆಂಬ ಅರ್ಥದ ಪದದಿಂದ ಇದಕ್ಕೆ ಈ ಹೆಸರು ಬಂದಿದೆ. ಮಣಿಕಟ್ಟಿನ ಎಂಟು ಮೂಳೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮುರಿಯುವುದು ಇದೇ; ಅದೂ ತರುಣರಲ್ಲಿ. ಊತ ಅಲ್ಪ, ನೋವು ಸಹಿಸುವಷ್ಟೇ. ಮೊದಲ ದಿನದ ಎಕ್ಸ್-ಕಿರಣ ಚಿತ್ರದಲ್ಲಿ ಬಿರುಕು ಕಾಣದೆಯೂ ಇರಬಹುದು. ಆದರೆ ಈ ಮೂಳೆಗೆ ರಕ್ತ ಒದಗುವುದು ಬಹುಮಟ್ಟಿಗೆ ಬೆರಳುಗಳ ಕಡೆಯ ತುದಿಯಿಂದ. ನಡುವೆ ಮುರಿದರೆ ಮುಂಗೈಯ ಕಡೆಯ ತುಂಡಿಗೆ, ಕಾಲುವೆ ಒಡೆದ ಹೊಲದ ಕೊನೆಗೆ ನೀರು ನಿಂತಂತೆ, ರಕ್ತಸಂಚಾರ ನಿಲ್ಲಬಹುದು. ಆಗ ಆ ತುಂಡು ಸತ್ತು, ಮುರಿತ ಕೂಡದೆ, ವರ್ಷಗಳು ಕಳೆದಂತೆ ಕೀಲು ಸವೆದು ಮಣಿಕಟ್ಟು ಬಿಗಿಯುತ್ತದೆ.

ಇದನ್ನು ಶಂಕಿಸಲು ಸುಲಭೋಪಾಯವೊಂದಿದೆ. ಹೆಬ್ಬೆರಳನ್ನು ಹಿಂದಕ್ಕೆ ಬಿಗಿಯಾಗಿ ನೀಡಿದರೆ ಅದರ ಬುಡದಲ್ಲಿ, ಮಣಿಕಟ್ಟಿನ ಪಕ್ಕದಲ್ಲಿ, ಎರಡು ರಜ್ಜುಗಳ ನಡುವೆ ಒಂದು ಕುಳಿ ಕಾಣುತ್ತದೆ. ಬಿದ್ದ ಬಳಿಕ ಆ ಕುಳಿಯನ್ನು ಒತ್ತಿದಾಗ ನೋವಾದರೆ, ಮೂಳೆ ಮುರಿದಿದೆಯೆಂದೇ ಭಾವಿಸಿ ವೈದ್ಯರಲ್ಲಿಗೆ ಹೋಗತಕ್ಕದ್ದು. ಚಿತ್ರದಲ್ಲಿ ಏನೂ ಕಾಣದಿದ್ದರೂ ಅವರು ಕೈಯನ್ನು ಅಲುಗದಂತೆ ಕಟ್ಟಿ, ೧೦-೧೪ ದಿನಗಳ ಮೇಲೆ ಮತ್ತೆ ಪರೀಕ್ಷಿಸುತ್ತಾರೆ, ಇಲ್ಲವೆ ಎಂ.ಆರ್.ಐ. ಚಿತ್ರ ತೆಗೆಸುತ್ತಾರೆ.

ಪ್ರಥಮ ಚಿಕಿತ್ಸೆ

ಪೆಟ್ಟಾದೊಡನೆ ಆಟ ನಿಲ್ಲಿಸಬೇಕು. ಊತವೇರುವ ಮೊದಲೇ ಉಂಗುರ, ಬಳೆ, ಗಡಿಯಾರಗಳನ್ನು ತೆಗೆಯಬೇಕು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ೧೫-೨೦ ನಿಮಿಷ ಇಟ್ಟು, ಕೈಯನ್ನು ಎದೆಗಿಂತ ಮೇಲಿರಿಸಬೇಕು. ನೆಟ್ಟಗೆ ಮಾಡಲೆಂದು ಬೆರಳನ್ನು ಎಳೆಯುವುದೂ, ಎಣ್ಣೆ ಹಚ್ಚಿ ನೀವುವುದೂ ನಮ್ಮಲ್ಲಿ ರೂಢಿ. ಒಳಗೆ ಮುರಿತವಿದ್ದರೆ ಇವೆರಡೂ ಅಪಾಯಕರ. ಬೆರಳು ಸೊಟ್ಟಗಾದರೆ, ಜೋಮು ಹಿಡಿದರೆ, ಗೆಣ್ಣು ಮಡಿಯದಿದ್ದರೆ ಅಥವಾ ನೆಟ್ಟಗಾಗದಿದ್ದರೆ ಮನೆಮದ್ದಿಗೆ ಅವಕಾಶವಿಲ್ಲ.

ಲೇಖನಿ, ಉಳಿ, ವೀಣೆಯ ತಂತಿ, ಶಸ್ತ್ರವೈದ್ಯನ ಕತ್ತಿ ಇವೆಲ್ಲವನ್ನೂ ನಾಳೆ ಹಿಡಿಯಬೇಕಾದುದು ಇಂದು ಚೆಂಡನ್ನು ಹಿಡಿಯುವ ಕೈಯೇ. ಒಂದು ಪಂದ್ಯವನ್ನು ಬಿಟ್ಟರೆ ಮುಂದಿನ ಪಂದ್ಯವಿದೆ. ಸಕಾಲದಲ್ಲಿ ಕಟ್ಟದೆ ಕೆಟ್ಟ ಮಣಿಕಟ್ಟನ್ನು ಮೊದಲಿನಂತೆ ಮಾಡುವುದು ಮಾತ್ರ ನುರಿತ ವೈದ್ಯರಿಗೂ ದುಸ್ಸಾಧ್ಯ.