ಚಳಿಗಾಲದ ನಸುಕು ಮತ್ತು ಹೃದಯ

ಪಾಶ್ಚಾತ್ಯ ದೇಶಗಳಲ್ಲಿ ವಸಂತಕಾಲದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯುಂಟು. ಅದರ ಮರುವಾರ ಹೃದಯಾಘಾತಗಳು ತುಸು ಹೆಚ್ಚುವುದನ್ನು ಸ್ವೀಡನ್ನಿನ ಸಂಶೋಧಕರು 2008ರಲ್ಲಿ ತೋರಿಸಿದರು. ನಿದ್ರಾಭಂಗವೇ ಕಾರಣವೆಂದು ಅವರ ಊಹೆ. ನಮ್ಮಲ್ಲಿ ಅಂತಹ ಏರ್ಪಾಡು ಮಹಾಯುದ್ಧದೊಂದಿಗೆ 1945ರಲ್ಲಿಯೇ ಮುಗಿಯಿತು.

ಆದರೆ ದೆಹಲಿಯಲ್ಲಿ ಸೂರ್ಯೋದಯವೇ ಸರಿಯುತ್ತದೆ: ಜೂನ್‌ನಲ್ಲಿ ಸುಮಾರು 5-25ಕ್ಕೆ, ಜನವರಿಯಲ್ಲಿ 7-15ಕ್ಕೆ. ಓಲ್ಡ್ ರಾಜಿಂದರ್ ನಗರದ ನಮ್ಮ ಹಿರಿಯರು ಊರಿನ ರೂಢಿಯಂತೆ ವರ್ಷವಿಡೀ ಐದು ಗಂಟೆಗೇ ವಾಯುಸೇವನೆಗೆ ಹೊರಡುವುದುಂಟು. ಬೆಳಗ್ಗೆ ಎದ್ದೊಡನೆ ರಕ್ತದೊತ್ತಡ ಸಹಜವಾಗಿಯೇ ಏರುತ್ತದೆ. ಚಳಿಯು ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಮೇಲೆ ಹೊಗೆಮಂಜು ಬೇರೆ.

ಆದ್ದರಿಂದ ಚಳಿ ಕಳೆಯುವವರೆಗೆ ಬಿಸಿಲೇರಿದ ಮೇಲೆಯೇ, ಬೆಚ್ಚಗೆ ಹೊದೆದು ನಡೆಯಿರಿ. ಔಷಧಿ ತಪ್ಪಿಸದಿರಿ. ಎದೆ ಬಿಗಿದು ಬೆವರಿದರೆ ‘ವಾಯು’ ಎಂದು ಉಪೇಕ್ಷಿಸದೆ, ಕೂಡಲೇ ವಾಹನದಲ್ಲಿ ಬಡಾವಣೆಯಲ್ಲೇ ಇರುವ ಸರ್ ಗಂಗಾರಾಮ್ ಆಸ್ಪತ್ರೆಯನ್ನು ಸೇರಿರಿ.