ಪರಿಚಯವೇ ಜಾಮೀನು: ಸಮಯ ಬ್ಯಾಂಕು ಮತ್ತು ಊರಿನ ಸಾಲ ಸಂಘ

ಸಾಲ ಕೊಡುವ ಮುನ್ನ ಬ್ಯಾಂಕು ಅಡಮಾನ, ಜಾಮೀನು, ಆದಾಯದ ದಾಖಲೆಗಳನ್ನು ಕೇಳುವುದಕ್ಕೆ ಮುಖ್ಯ ಕಾರಣವೆಂದರೆ ಸಾಲಗಾರ ಅದಕ್ಕೆ ಅಪರಿಚಿತನಾಗಿರುವುದು. ಆದರೆ ಒಂದೇ ಊರಿನಲ್ಲಿ ಬಾಳುವವರಿಗೆ ಯಾರು ದುಡಿಮೆಗಾರರು, ಯಾರು ಮಾತಿಗೆ ತಪ್ಪದವರು, ಯಾರ ಮನೆಗೆ ಈ ವರ್ಷ ಯಾವ ಕಷ್ಟ ಬಂದಿದೆ ಎಂಬುದು ಯಾವ ಕಾಗದಪತ್ರವೂ ಇಲ್ಲದೆ ಗೊತ್ತಿರುತ್ತದೆ. ಈ ಪರಿಚಯವನ್ನೇ ಜಾಮೀನಾಗಿ ಮಾಡಿಕೊಂಡ ವ್ಯವಸ್ಥೆಗಳಲ್ಲಿ ಎರಡು ವಿಶೇಷವಾಗಿ ಗಮನಾರ್ಹವಾದವು. ಸಹಕಾರಿ ಸಾಲ ಸಂಘದಲ್ಲಿ ಸದಸ್ಯರು ತಮ್ಮ ಸಣ್ಣ ಉಳಿತಾಯಗಳನ್ನು ಒಟ್ಟುಗೂಡಿಸಿ ತಮ್ಮೊಳಗೇ ಸಾಲ ಕೊಟ್ಟುಕೊಳ್ಳುತ್ತಾರೆ. ಸಮಯ ಬ್ಯಾಂಕಿನಲ್ಲಿ ಒಬ್ಬರು ಇನ್ನೊಬ್ಬರಿಗಾಗಿ ದುಡಿದ ಗಂಟೆಗಳು ಲೆಕ್ಕದ ಪುಸ್ತಕದಲ್ಲಿ ಜಮೆಯಾಗಿ, ಅಷ್ಟೇ ಗಂಟೆಗಳ ನೆರವನ್ನು ಅವರು ಬೇಕಾದಾಗ ಬೇರೆ ಯಾವ ಸದಸ್ಯರಿಂದಲಾದರೂ ಪಡೆಯುತ್ತಾರೆ. ಮೊದಲನೆಯದರ ಇತಿಹಾಸ ದೀರ್ಘವಾದದ್ದು, ಅದರಲ್ಲಿ ಕರ್ನಾಟಕಕ್ಕೂ ಒಂದು ಮುಖ್ಯ ಸ್ಥಾನವಿದೆ. ಎರಡನೆಯದು ಹೊಸದೆಂದು ತೋರಿದರೂ ಅದರ ಹಿಂದಿನ ಆಲೋಚನೆ ಕನ್ನಡ ನಾಡಿನ ರೈತರಿಗೆ ತೀರ ಅಪರಿಚಿತವಲ್ಲ.

ಗ್ರಾಮೀಣ ಸಾಲ ಸಂಘದ ಮಾದರಿ ರೂಪುಗೊಂಡದ್ದು ಜರ್ಮನಿಯಲ್ಲಿ. 1846–47ರ ಚಳಿಗಾಲದಲ್ಲಿ ಬರದಿಂದ ಧಾನ್ಯದ ಬೆಲೆ ಏರಿದಾಗ, ವೈಯರ್‌ಬುಶ್ ಎಂಬ ಹಳ್ಳಿಗಾಡಿನ ಆಡಳಿತದ ಹೊಣೆ ಹೊತ್ತಿದ್ದ ಫ್ರೀಡ್ರಿಶ್ ವಿಲ್ಹೆಲ್ಮ್ ರೈಫೈಸನ್ ಉಳ್ಳವರಿಂದ ಹಣ ಕೂಡಿಸಿ, ಹಿಟ್ಟು ತರಿಸಿ, ಊರಿಗೆಲ್ಲ ಒಂದೇ ಒಲೆಯಲ್ಲಿ ರೊಟ್ಟಿ ಬೇಯಿಸಿ ಬಡವರಿಗೆ ಕಡವಾಗಿ ಹಂಚುವ ಏರ್ಪಾಡು ಮಾಡಿದರು. ಮುಂದೆ ರೈತರಿಗೆ ದನಕರು ಕೊಳ್ಳಲು ನೆರವಾಗುವ ಸಂಘಗಳನ್ನೂ ಅವರು ಕಟ್ಟಿದರಾದರೂ, ಶ್ರೀಮಂತರ ಔದಾರ್ಯದ ಮೇಲೆ ನಿಂತ ಸಂಸ್ಥೆ ಆ ಔದಾರ್ಯ ತಣ್ಣಗಾದೊಡನೆ ಸೊರಗುತ್ತದೆ ಎಂಬುದು ಅವರಿಗೆ ಅನುಭವದಿಂದಲೇ ಮನವರಿಕೆಯಾಯಿತು. ಆದುದರಿಂದ 1864ರಲ್ಲಿ ಹೆಡೆಸ್‌ಡೋರ್ಫ್‌ನಲ್ಲಿ ಸ್ಥಾಪಿಸಿದ ಸಾಲ ಸಂಘದಲ್ಲಿ ಅವರು ಕ್ರಮವನ್ನೇ ಬದಲಿಸಿ, ಸಾಲ ಪಡೆಯುವವರೇ ಸಂಘದ ಸದಸ್ಯರೂ ಒಡೆಯರೂ ಆಗಬೇಕೆಂದು ವಿಧಿಸಿದರು. ಸಂಘದ ವ್ಯಾಪ್ತಿ ಒಬ್ಬರನ್ನೊಬ್ಬರು ಬಲ್ಲಷ್ಟು ಸಣ್ಣ ಪ್ರದೇಶಕ್ಕೆ ಸೀಮಿತವಾಗಿರಬೇಕು, ಪದಾಧಿಕಾರಿಗಳು ಸಂಬಳವಿಲ್ಲದೆ ದುಡಿಯಬೇಕು, ಲಾಭವನ್ನು ಹಂಚಿಕೊಳ್ಳದೆ ಕಾಯ್ದಿಟ್ಟ ನಿಧಿಗೆ ಸೇರಿಸಬೇಕು ಎಂಬವು ಆ ಮಾದರಿಯ ಉಳಿದ ನಿಯಮಗಳು. ಇವೆಲ್ಲಕ್ಕಿಂತ ಬಿಗಿಯಾದದ್ದು ಅಪರಿಮಿತ ಹೊಣೆಗಾರಿಕೆ: ಸಂಘದ ಸಾಲ ತೀರದೆ ಹೋದರೆ ಪ್ರತಿಯೊಬ್ಬ ಸದಸ್ಯನ ಆಸ್ತಿಯೂ ಅದಕ್ಕೆ ಈಡಾಗುತ್ತದೆ. ಇಂದಿನ ಓದುಗರಿಗೆ ಇದು ಕ್ರೂರವೆಂದು ತೋರಬಹುದು. ಆದರೆ ನೆರೆಯವನು ಸಾಲದ ಹಣದಿಂದ ಹಸು ಕೊಂಡನೋ ಹೆಂಡಕ್ಕೆ ಸುರಿದನೋ ಎಂಬುದನ್ನು ಊರೆಲ್ಲ ಗಮನಿಸುವಂತೆ ಮಾಡಿದ್ದು ಈ ನಿಯಮವೇ.

ಮದ್ರಾಸ್ ಪ್ರಾಂತ್ಯದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಯುರೋಪಿನ ಈ ಸಂಘಗಳನ್ನು ಅಧ್ಯಯನ ಮಾಡಿ 1890ರ ದಶಕದಲ್ಲಿ ಸಲ್ಲಿಸಿದ ವರದಿಯಲ್ಲಿ ರೈಫೈಸನ್ ಮಾದರಿಯನ್ನು ಬಲವಾಗಿ ಶಿಫಾರಸು ಮಾಡಿದರು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯಲ್ಲಿ ಅದರ ಗುರುತು ಸ್ಪಷ್ಟವಾಗಿ ಕಾಣುತ್ತದೆ. ಒಂದೇ ಊರಿನ ಹತ್ತು ಜನ ಸೇರಿದರೆ ಸಂಘ ನೋಂದಾಯಿಸಬಹುದಿತ್ತು, ಗ್ರಾಮೀಣ ಸಂಘಗಳಿಗೆ ಅಪರಿಮಿತ ಹೊಣೆಗಾರಿಕೆ ಸಾಮಾನ್ಯ ನಿಯಮವಾಗಿತ್ತು. ಕಾಯಿದೆ ಬಂದ ಮರುವರ್ಷವೇ, ಅಂದರೆ 1905ರಲ್ಲಿ, ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದ, ಈಗ ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಈ ಕಾಯಿದೆಯಡಿ ದೇಶದಲ್ಲೇ ಮೊದಲು ಸ್ಥಾಪನೆಯಾದ ಕೃಷಿ ಪತ್ತಿನ ಸಂಘಗಳಲ್ಲಿ ಒಂದೆಂಬ ಹಿರಿಮೆ ಅದರದು. ಪತ್ತು ಎಂದರೆ ಇಲ್ಲಿ ಸಾಲ ಹುಟ್ಟಿಸಿಕೊಳ್ಳಬಲ್ಲ ನಂಬಿಕೆ. ಸಾಹುಕಾರನ ಬಡ್ಡಿಗೆ ಸಿಕ್ಕಿ ಹೊಲ ಕಳೆದುಕೊಳ್ಳುತ್ತಿದ್ದ ಬಯಲುಸೀಮೆಯ ರೈತನಿಗೆ ಆ ನಂಬಿಕೆಯನ್ನು ಒಬ್ಬೊಬ್ಬನಾಗಿ ಗಳಿಸಲು ಸಾಧ್ಯವಿರಲಿಲ್ಲ. ಸಂಘವಾಗಿ ಗಳಿಸಲು ಸಾಧ್ಯವಾಯಿತು.

ಇಷ್ಟು ಗಟ್ಟಿ ಬುನಾದಿಯ ಚಳವಳಿ ಮುಂದಿನ ದಶಕಗಳಲ್ಲಿ ಹಲವೆಡೆ ಸಡಿಲವಾದದ್ದಕ್ಕೆ ಸದಸ್ಯರ ಬಡತನಕ್ಕಿಂತ ಸಂಘಗಳ ಸ್ವರೂಪ ಬದಲಾದದ್ದೇ ಹೆಚ್ಚಿನ ಕಾರಣವೆನ್ನಬೇಕಾಗುತ್ತದೆ. ಸರ್ಕಾರದ ಹಣ ಮೇಲಿನಿಂದ ಹರಿದುಬಂದಂತೆ ಸದಸ್ಯರ ಸ್ವಂತ ಉಳಿತಾಯ ಗೌಣವಾಯಿತು, ಪರಸ್ಪರ ಪರಿಚಯವಿಲ್ಲದ ನೂರಾರು ಜನ ಒಂದೇ ಸಂಘದ ಪಟ್ಟಿಗೆ ಸೇರಿದರು, ಚುನಾವಣೆಗಳು ರಾಜಕೀಯದ ಮೊದಲ ಮೆಟ್ಟಿಲಾದವು. ತನ್ನ ದುಡ್ಡಲ್ಲದ ದುಡ್ಡನ್ನು ನೆರೆಯವನು ತೀರಿಸದಿದ್ದರೆ ಯಾರಿಗೂ ನಷ್ಟವಿಲ್ಲವೆಂಬ ಭಾವನೆ ಬಂದ ಮೇಲೆ ಪರಿಚಯ ಜಾಮೀನಾಗಿ ಉಳಿಯುವುದಿಲ್ಲ.

ಈ ಮಾತಿಗೆ ಕರ್ನಾಟಕದಲ್ಲಿಯೇ ಒಂದು ಸಾಕ್ಷಿಯಿದೆ. 1980ರ ದಶಕದ ನಡುವಿನಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯ ನೆರವಿನಿಂದ ನಡೆಯುತ್ತಿದ್ದ ದೊಡ್ಡ ಸಹಕಾರ ಸಂಘಗಳು ಒಳಜಗಳದಿಂದ ಒಡೆದಾಗ, ಸದಸ್ಯರು ತಾವು ನಂಬುವವರೊಂದಿಗೆ ಮಾತ್ರ ಸೇರಿ ಸಣ್ಣ ಗುಂಪುಗಳನ್ನು ಮಾಡಿಕೊಂಡು ಸಾಲ ಮರುಪಾವತಿಗೆ ಮುಂದಾದರು. ಈ ಒಡಕನ್ನು ಸೋಲೆಂದು ಬಗೆಯದೆ ಆ ಗುಂಪುಗಳನ್ನೇ ಸಂಸ್ಥೆ ಬೆಳೆಸಿತು. 1987ರಲ್ಲಿ ನಬಾರ್ಡ್ ಅದಕ್ಕೆ ಹಣಕಾಸಿನ ನೆರವು ಕೊಟ್ಟಿತು, 1992ರಲ್ಲಿ ದೇಶದ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಆರಂಭವಾಯಿತು. ಇಂದು ಹಳ್ಳಿಹಳ್ಳಿಯಲ್ಲೂ ಕಾಣುವ ಸ್ವಸಹಾಯ ಸಂಘದ ಬೇರುಗಳಲ್ಲಿ ಇದೂ ಒಂದು. ಇಪ್ಪತ್ತು ಜನಕ್ಕೆ ಮೀರದ ಸದಸ್ಯರು ವಾರಕ್ಕೊಮ್ಮೆ ಸಭೆ ಸೇರಿ, ನಿಗದಿಯಾದ ಉಳಿತಾಯವನ್ನು ಕಟ್ಟಿ, ಕೂಡಿದ ಹಣವನ್ನು ಯಾರ ಅಗತ್ಯ ಹೆಚ್ಚೋ ಅವರಿಗೆ ಸಾಲವಾಗಿ ಕೊಡುತ್ತಾರೆ. ಸಂಘದ ಒಳಸಾಲಕ್ಕೆ ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ ಎಂದಿಟ್ಟುಕೊಂಡರೆ, ಅದು ವರ್ಷಕ್ಕೆ ಶೇಕಡಾ 24 ಆಗಿ ದುಬಾರಿಯೆಂದೇ ಕಾಣುತ್ತದೆ. ಆದರೆ ಆ ಬಡ್ಡಿ ಸಂಘದ ಪೆಟ್ಟಿಗೆಗೇ ಮರಳಿ ಎಲ್ಲ ಸದಸ್ಯರ ಬಂಡವಾಳವಾಗುವುದರಿಂದ ಊರಿನ ಹಣ ಊರಿನಲ್ಲೇ ಉಳಿಯುತ್ತದೆ. ಕಿರು ಹಣಕಾಸು ಕಂಪನಿಗಳು ಇದೇ ಗುಂಪಿನ ಹೊಣೆಗಾರಿಕೆಯನ್ನು ಬಳಸಿಕೊಂಡರೂ ಅಲ್ಲಿ ಮೂಲಧನ ಹೊರಗಿನದು, ಬಡ್ಡಿ ಹೋಗುವುದೂ ಹೊರಕ್ಕೆ. ನೆರೆಹೊರೆಯ ನಂಬಿಕೆ ಅಲ್ಲಿ ವಸೂಲಿಯ ಸಾಧನವಾಗುತ್ತದೆ. ಸಾಲ ವಸೂಲಿಯ ಕಿರುಕುಳವನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಗಿ ಬಂದದ್ದು ಈ ಹಿನ್ನೆಲೆಯಲ್ಲಿ.

ಸಾಲ ಸಂಘಕ್ಕೆ ಸಣ್ಣ ಉಳಿತಾಯವಾದರೂ ಬೇಕು. ಅದೂ ಇಲ್ಲದವರ, ಅಥವಾ ಹಣವಿದ್ದರೂ ನೆರವಿಗೆ ಜನವಿಲ್ಲದವರ ಕೊರತೆಯನ್ನು ತುಂಬಲು ಹೊರಟದ್ದು ಸಮಯ ಬ್ಯಾಂಕು. ಜಪಾನಿನ ಒಸಾಕಾದಲ್ಲಿ ಟೆರುಕೊ ಮಿಜುಶಿಮಾ ಎಂಬ ಗೃಹಿಣಿ 1973ರಲ್ಲಿ ಸ್ವಯಂಸೇವಾ ಶ್ರಮ ಬ್ಯಾಂಕನ್ನು ಸ್ಥಾಪಿಸಿದರು. ಯುದ್ಧಕಾಲದಲ್ಲಿ ಹೊಲಿಗೆಯ ಕೆಲಸ ಮಾಡಿಕೊಟ್ಟು ಬದಲಿಗೆ ಆಹಾರ ಪಡೆದಿದ್ದ ಅವರಿಗೆ, ಮಹಿಳೆಯರ ಮನೆಗೆಲಸಕ್ಕೂ ಆರೈಕೆಗೂ ಲೆಕ್ಕದಲ್ಲಿ ಜಾಗ ಸಿಗಬೇಕೆಂಬ ಹಂಬಲವಿತ್ತು. ಅಮೆರಿಕದಲ್ಲಿ ಬಡವರ ಪರವಾದ ಕಾನೂನು ನೆರವಿಗಾಗಿ ದುಡಿದಿದ್ದ ವಕೀಲ ಎಡ್ಗರ್ ಕಾನ್, 1980ರಲ್ಲಿ ತೀವ್ರ ಹೃದಯಾಘಾತಕ್ಕೆ ಒಳಗಾಗಿ ಆಸ್ಪತ್ರೆ ಸೇರಿದ್ದಾಗ, ತಾನು ಯಾರಿಗೂ ಉಪಯೋಗವಿಲ್ಲದವನಾದೆನೆಂಬ ಸಂಕಟದಿಂದ ಇದೇ ದಾರಿಯ ಆಲೋಚನೆಗೆ ತೊಡಗಿ, ಅದಕ್ಕೆ ‘ಟೈಮ್ ಡಾಲರ್’ ಎಂಬ ರೂಪ ಕೊಟ್ಟರು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹಿರಿಯರ ಆರೋಗ್ಯ ವಿಮಾ ಯೋಜನೆಯೊಂದು ತನ್ನ ಸದಸ್ಯರು ಪರಸ್ಪರ ಆರೈಕೆಯಲ್ಲಿ ತೊಡಗುವ ಇಂತಹ ವ್ಯವಸ್ಥೆಯನ್ನು 1980ರ ದಶಕದಲ್ಲೇ ನಡೆಸಿತು. ಜಪಾನಿನಲ್ಲಿ ಮುಂದೆ ಬೆಳೆದ ‘ಫುರೆಆಯ್ ಕಿಪ್ಪು’ ಎಂಬ ಪದ್ಧತಿಯಲ್ಲಿ, ದೂರದ ನಗರದಲ್ಲಿರುವ ಮಗ ಅಲ್ಲಿನ ವೃದ್ಧರೊಬ್ಬರನ್ನು ನೋಡಿಕೊಂಡು ಗಳಿಸಿದ ಗಂಟೆಗಳನ್ನು ಹುಟ್ಟೂರಿನಲ್ಲಿರುವ ತನ್ನ ತಂದೆತಾಯಿಯ ಆರೈಕೆಗೆ ವರ್ಗಾಯಿಸಲೂ ಅವಕಾಶವಿತ್ತು. ಮಕ್ಕಳು ಪರದೇಶದಲ್ಲಿ, ಮುದುಕರು ಮೈಸೂರಿನ ಬಡಾವಣೆಯಲ್ಲಿ ಎಂಬ ಸ್ಥಿತಿಯನ್ನು ಬಲ್ಲ ಓದುಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಸಮಯ ಬ್ಯಾಂಕಿನ ಮೂಲ ನಿಯಮ ಒಂದೇ: ಯಾರ ಒಂದು ಗಂಟೆಯಾದರೂ ಒಂದು ಗಂಟೆಯೇ. ವಕೀಲರು ಅರ್ಜಿ ಬರೆದುಕೊಟ್ಟ ಗಂಟೆಗೂ ಅಜ್ಜಿಯೊಬ್ಬರು ಮಗುವನ್ನು ನೋಡಿಕೊಂಡ ಗಂಟೆಗೂ ಒಂದೇ ಬೆಲೆ; ಗಂಟೆಗಳಿಗೆ ಬಡ್ಡಿಯಿಲ್ಲ, ಅವನ್ನು ಹಣಕ್ಕೆ ಮಾರುವಂತಿಲ್ಲ. ಗಂಟೆಯನ್ನೇ ಅಳತೆಯಾಗಿಸುವ ಯತ್ನ ಹಿಂದೆಯೂ ನಡೆದಿತ್ತು: 1832ರಲ್ಲಿ ಸಮಾಜ ಸುಧಾರಕ ರಾಬರ್ಟ್ ಓವೆನ್ ಲಂಡನ್ನಿನಲ್ಲಿ ತೆರೆದ ಶ್ರಮ ವಿನಿಮಯ ಕೇಂದ್ರದಲ್ಲಿ ತಯಾರಿಸಿದ ಸರಕುಗಳಿಗೆ ಗಂಟೆಯ ಬೆಲೆ ಕಟ್ಟಲಾಗುತ್ತಿತ್ತು. ಬೇಡಿಕೆಯಿದ್ದ ಸರಕು ಬೇಗ ಖಾಲಿಯಾಗಿ ಬೇಡದ ಸರಕು ರಾಶಿ ಬಿದ್ದು, ಎರಡೇ ವರ್ಷಗಳಲ್ಲಿ ಅದು ಮುಚ್ಚಿತು. ಇಂದಿನ ಸಮಯ ಬ್ಯಾಂಕುಗಳು ಸರಕಿನ ಗೊಡವೆಗೆ ಹೋಗದೆ ಸೇವೆಗಳಿಗೆ ಮಾತ್ರ ಸೀಮಿತವಾಗಿರುವುದು ಜಾಣತನವೆಂದೇ ಹೇಳಬೇಕು. ಅವುಗಳ ಲೆಕ್ಕದಲ್ಲಿ ಒಂದು ಸ್ವಾರಸ್ಯವೂ ಇದೆ. ಒಬ್ಬರಿಗೆ 3 ಗಂಟೆ ಜಮೆಯಾದರೆ ಇನ್ನೊಬ್ಬರಿಗೆ 3 ಗಂಟೆ ಖರ್ಚು ಬೀಳುವುದರಿಂದ ಎಲ್ಲ ಖಾತೆಗಳನ್ನು ಕೂಡಿದರೆ ಮೊತ್ತ ಯಾವಾಗಲೂ ಸೊನ್ನೆಯೇ. ಅಂದರೆ ಯಾರಾದರೂ ಋಣದಲ್ಲಿರದ ಹೊರತು ಯಾರಿಗೂ ಉಳಿತಾಯವಾಗುವುದಿಲ್ಲ. ಆದರೆ ನೆರವು ಕೊಡಲು ಮುಂದಾಗುವ ಹಲವರು ಕೇಳಲು ಸಂಕೋಚಪಡುತ್ತಾರೆ. ಸಮಯ ಬ್ಯಾಂಕುಗಳು ಹಲವು ಸಲ ಸೊರಗುವುದು ಕೊಡುವವರ ಕೊರತೆಯಿಂದಲ್ಲ, ಕೇಳುವವರ ಕೊರತೆಯಿಂದ.

ಮಲೆನಾಡಿನಲ್ಲೂ ಹಳೆಯ ಮೈಸೂರು ಸೀಮೆಯಲ್ಲೂ ನಾಟಿ, ಕಳೆ, ಕೊಯ್ಲುಗಳ ಕಾಲಕ್ಕೆ ರೂಢಿಯಲ್ಲಿದ್ದ ಮುಯ್ಯಾಳು ಪದ್ಧತಿ ಈ ತತ್ತ್ವಕ್ಕೆ ಹತ್ತಿರವಾದದ್ದು. ಒಂದು ದಿನ ಒಂದು ಮನೆಯ ಗದ್ದೆಯಲ್ಲಿ ಎಷ್ಟು ಆಳು ದುಡಿದರೋ ಅಷ್ಟೇ ಆಳನ್ನು ಆ ಮನೆಯವರು ಇನ್ನೊಂದು ದಿನ ಕಳಿಸಿಕೊಡಬೇಕಿತ್ತು. ಆದರೆ ಈ ಪದ್ಧತಿಯನ್ನು ಆದರ್ಶವೆಂದು ಹೊಗಳುವವರು ಅದರ ಮಿತಿಯನ್ನು ಮರೆಯುವುದುಂಟು: ಸ್ವಂತ ಗದ್ದೆಯಿಲ್ಲದವನಿಗೆ ಮುಯ್ಯಿ ತೀರಿಸಿಕೊಳ್ಳುವ ದಾರಿಯೇ ಇರಲಿಲ್ಲವಾದ್ದರಿಂದ ಅವನು ಕೂಲಿಯಾಳಾಗಿಯೇ ಉಳಿಯುತ್ತಿದ್ದನು. ಕೊಟ್ಟವರಿಂದಲೇ, ಕೊಟ್ಟ ಬಗೆಯ ಕೆಲಸವನ್ನೇ ಮರಳಿ ಪಡೆಯಬೇಕೆಂಬ ಕಟ್ಟನ್ನು ಬಿಚ್ಚಿದ್ದು ಸಮಯ ಬ್ಯಾಂಕು ಮಾಡಿರುವ ನಿಜವಾದ ಸುಧಾರಣೆ.

ಸಾಲ ಮತ್ತು ಶ್ರಮಗಳೆರಡನ್ನೂ ಒಂದೇ ಗುಂಪಿನಲ್ಲಿ ಕೂಡಿಸಿದ ಪ್ರಯೋಗವೂ ಕರ್ನಾಟಕದಲ್ಲಿ ನಡೆದಿದೆ. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ತಂಡಗಳಲ್ಲಿ ಸಾಮಾನ್ಯವಾಗಿ ಐದರಿಂದ ಎಂಟು ಮಂದಿ ಸಣ್ಣ ರೈತರಿದ್ದು, ಅವರು ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಜಮೀನಿನಲ್ಲಿ ಕೂಲಿಯಿಲ್ಲದೆ ದುಡಿಯುತ್ತಾರೆ, ಜತೆಗೆ ಉಳಿತಾಯ ಮಾಡಿ ಸಾಲವನ್ನೂ ಪಡೆಯುತ್ತಾರೆ. ಬಾವಿ ತೋಡಲು ಸಾಲ ಸಿಕ್ಕಿದರೂ ಆಳು ಸಿಗದ, ಆಳಿದ್ದರೂ ಕಲ್ಲು ಸಿಮೆಂಟಿಗೆ ಹಣವಿಲ್ಲದ ಸಣ್ಣ ರೈತನಿಗೆ ಈ ಜೋಡಣೆ ಎಷ್ಟು ಸಹಜವೆಂಬುದು ಸುಲಭವಾಗಿ ತಿಳಿಯುತ್ತದೆ. ಅರ್ಥಶಾಸ್ತ್ರದ ಬರಹಗಳು ಹಣವನ್ನೂ ಸಮಯವನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುವುದೇ ಅಸಹಜವೆನಿಸುತ್ತದೆ.

ಸಮಯ ಬ್ಯಾಂಕಿನ ಬಗೆಗಿನ ಉತ್ಸಾಹಕ್ಕೆ ಕೆಲವು ಎಚ್ಚರಿಕೆಗಳು ಅಗತ್ಯ. ಅರವತ್ತರ ವಯಸ್ಸಿನಲ್ಲಿ ಕೂಡಿಟ್ಟ ಗಂಟೆಗಳನ್ನು ಎಂಬತ್ತರಲ್ಲಿ ತೀರಿಸುವವರು ಯಾರು ಎಂಬ ಪ್ರಶ್ನೆಗೆ ಆಗಿನ ತಲೆಮಾರಿನ ಮನಸ್ಸೊಂದೇ ಉತ್ತರ. ಸ್ವಿಟ್ಜರ್ಲೆಂಡಿನ ಸಾಂಕ್ಟ್ ಗಾಲೆನ್‌ನಲ್ಲಿ ಇಂತಹ ಗಂಟೆಗಳಿಗೆ ನಗರಾಡಳಿತವೇ ಖಾತರಿ ನೀಡಿದ್ದು ಈ ಕಾರಣಕ್ಕೆ. ಇನ್ನು, ಯಾರಿಗೆ ಏನು ಬೇಕು, ಯಾರಿಂದ ಏನು ಸಾಧ್ಯ ಎಂದು ಹೊಂದಿಸಿ ಲೆಕ್ಕವಿಡುವ ಸಂಯೋಜಕರಿಗೆ ಸಂಬಳವನ್ನು ಗಂಟೆಗಳಲ್ಲಿ ಕೊಡಲಾಗುವುದಿಲ್ಲವಾದ್ದರಿಂದ, ಅನುದಾನ ನಿಂತೊಡನೆ ಮುಚ್ಚಿಹೋದ ಸಮಯ ಬ್ಯಾಂಕುಗಳು ಅನೇಕ. ವೃದ್ಧಾಪ್ಯ ವೇತನ, ಸರ್ಕಾರಿ ಆಸ್ಪತ್ರೆಗಳ ಬದಲಿಗೆ ಇದನ್ನು ಮುಂದಿಡುವ ಆಡಳಿತಗಾರರನ್ನಂತೂ ನಂಬಬಾರದು.

ತಮ್ಮ ಬಡಾವಣೆಯಲ್ಲಿ ಇಂತಹದೊಂದನ್ನು ಆರಂಭಿಸಲು ಬಯಸುವವರು ಮೊಬೈಲ್ ಆ್ಯಪ್ ಮಾಡಿಸುವ ಮುನ್ನ ಪರಸ್ಪರ ಮನೆಯ ದಾರಿ ಬಲ್ಲ ಇಪ್ಪತ್ತು ಜನರನ್ನು ಕೂಡಿಸಲಿ, ಎಲ್ಲರೂ ಒಪ್ಪುವ ಒಬ್ಬರ ಕೈಗೆ ಲೆಕ್ಕದ ಪುಸ್ತಕ ಕೊಡಲಿ, ಮತ್ತು ಮೊದಲ ತಿಂಗಳು ಪ್ರತಿಯೊಬ್ಬ ಸದಸ್ಯರೂ ಒಂದಾದರೂ ನೆರವನ್ನು ಕೇಳಲೇಬೇಕೆಂದು ನಿಯಮ ಮಾಡಲಿ.