ಬುತ್ತಿ ಕಟ್ಟುವ ಬಗೆ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ, ಒಂದು ಶಿಲಾಸ್ತಂಭವಿದೆ. ಕ್ರಿ.ಶ. 5ನೆಯ ಶತಮಾನದಲ್ಲಿ, ಕದಂಬರ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿಯು ತನ್ನ ಸಂಸ್ಕೃತ ಕಾವ್ಯವನ್ನು ತಾನೇ ಅದರ ಮೇಲೆ ಬರೆದನು. ಅದನ್ನು ಓದಬೇಕಾದವನು ಕಲ್ಲಿನ ಬಳಿಗೇ ಹೋಗಬೇಕು. ಇಂದಾದರೋ ಗಣಕಯಂತ್ರದಲ್ಲಿ ಬರೆದುದು ಕ್ಷಣಮಾತ್ರದಲ್ಲಿ ಊರಿಂದೂರಿಗೆ ಹೋಗುತ್ತದೆ. ಆದರೆ ಹೋದ ಬರಹವು ಅಲ್ಲಿ ಓದಲು ಬರುವುದೆ?

ನಿವೃತ್ತನಾದ ಮೇಲೆ ನಾನು ಸೊರಬದಲ್ಲಿ ಕುಳಿತು ಒಂದು ಪಾಠದ ಟಿಪ್ಪಣಿಯನ್ನು ಬರೆದು ಶಿಕಾರಿಪುರದ ಮಿತ್ರರೊಬ್ಬರಿಗೆ ಕಳುಹಿಸಿದೆನು. ಅವರ ಯಂತ್ರದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಮೂಡಿದವು. ನಾನು ಬಳಸಿದ ಹಳೆಯ ಬಗೆಯ ಅಕ್ಷರವಿನ್ಯಾಸವು ಅವರಲ್ಲಿ ಇರಲಿಲ್ಲ. ಈ ತೊಡಕಿಗೆ ಪರಿಹಾರ ಯೂನಿಕೋಡ್. 1991ರಲ್ಲಿ ಪ್ರಕಟವಾದ ಈ ಪದ್ಧತಿಯು ಕನ್ನಡದ ಮೂಲಾಕ್ಷರಗಳಿಗೂ ಸ್ವರಚಿಹ್ನೆಗಳಿಗೂ ಒಂದೊಂದು ನಿಶ್ಚಿತ ಸಂಖ್ಯೆಯನ್ನು ಕೊಟ್ಟಿದೆ. ಹೀಗೆ ಬರೆದ ಸರಳ ಪಠ್ಯವನ್ನು ಎಲ್ಲಿಯೂ ಓದಬಹುದು.

ಆದರೆ ಸರಳ ಪಠ್ಯದಲ್ಲಿ ದಪ್ಪಕ್ಷರವಿಲ್ಲ, ಶೀರ್ಷಿಕೆಯ ಅಂದವಿಲ್ಲ. ಈ ಕೊರತೆಯನ್ನು ನೀಗಲು ಅಮೆರಿಕದ ಜಾನ್ ಗ್ರೂಬರ್ ಎಂಬವರು 2004ರಲ್ಲಿ ಮಾರ್ಕ್‌ಡೌನ್ ಎಂಬ ಕ್ರಮವನ್ನು ಪ್ರಕಟಿಸಿದರು. ಸಾಲಿನ ಆರಂಭದಲ್ಲಿ # ಚಿಹ್ನೆಯನ್ನಿಟ್ಟರೆ ಅದು ಶೀರ್ಷಿಕೆ; ಪದದ ಎರಡು ಪಕ್ಕಗಳಲ್ಲಿ * ಚಿಹ್ನೆಯನ್ನಿಟ್ಟರೆ ಅದಕ್ಕೆ ಒತ್ತು. ಈ ಗುರುತುಗಳನ್ನು ನೋಡಿ ಬರಹವನ್ನು ಅಂದವಾದ ಪುಟವಾಗಿ ಮಾರ್ಪಡಿಸುವ ಚಿಕ್ಕ ಉಪಕರಣವನ್ನು ಅವರು ಪರ್ಲ್ ಎಂಬ ಗಣಕಭಾಷೆಯಲ್ಲಿ ರಚಿಸಿದರು.

ಉಪಕರಣವಿದ್ದರೆ ಸಾಲದು, ಅದು ಬೇಡುವವರ ಯಂತ್ರವನ್ನು ಸೇರಿ ಅಲ್ಲಿ ನಡೆಯಬೇಕು. ದೂರಪ್ರಯಾಣಕ್ಕೆ ಹೊರಟವರಿಗೆ ತಾಯಂದಿರು ಬುತ್ತಿ ಕಟ್ಟುವುದನ್ನು ನೀವು ಕಂಡಿದ್ದೀರಿ. ರೊಟ್ಟಿಯೊಂದಿಗೆ ಪಲ್ಯ, ಚಟ್ನಿ, ಉಪ್ಪು ಎಲ್ಲವನ್ನೂ ನೆನಪಿಟ್ಟು ಕಟ್ಟುತ್ತಾರೆ. ತಂತ್ರಾಂಶಕ್ಕೂ ಇಂತಹ ಕಟ್ಟು ಬೇಕು. ಇದಕ್ಕೆ ಪ್ಯಾಕೇಜು ಎಂದು ಹೆಸರು. 1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಸ್ವಯಂಸೇವಕರ ಕೂಟವು ಸಾವಿರಾರು ತಂತ್ರಾಂಶಗಳನ್ನು ಹೀಗೆ ಕಟ್ಟಿ ಉಚಿತವಾಗಿ ಹಂಚುತ್ತಿದೆ, ಮಾರ್ಕ್‌ಡೌನ್ ಅವುಗಳಲ್ಲೊಂದು.

ಡೆಬಿಯನ್ ಪ್ಯಾಕೇಜಿನಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಕಟ್ಟಿನ ಮಾದರಿಯನ್ನು ತಿಳಿಸುವ ಚಿಕ್ಕ ಗುರುತು. ಎರಡನೆಯದು ವಿವರಪಟ್ಟಿ, ಉಪಕರಣದ ಹೆಸರು, ಆವೃತ್ತಿ, ಅದು ಅವಲಂಬಿಸುವ ಇತರ ತಂತ್ರಾಂಶಗಳು ಇದರಲ್ಲಿರುತ್ತವೆ. ಮೂರನೆಯದು ಉಪಕರಣದ ಕಡತಗಳು. ಪ್ರತಿಯೊಂದೂ ಯಂತ್ರದಲ್ಲಿ ಎಲ್ಲಿರಬೇಕೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಒಂದೇ ಆಜ್ಞೆಯನ್ನಿತ್ತರೆ ಯಂತ್ರವು ಪಟ್ಟಿಯನ್ನೋದಿ, ಪರ್ಲ್ ಇಲ್ಲದಿದ್ದರೆ ಅದನ್ನೂ ತರಿಸಿಕೊಂಡು, ಎಲ್ಲವನ್ನೂ ಸ್ಥಾಪಿಸುತ್ತದೆ. ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋದರೆ ಉಪಕರಣವು ನಡೆಯದೆ ನಿಲ್ಲಬಹುದು. ಅದರ ಕಷ್ಟ ದೂರದಲ್ಲಿರುವ ಅಪರಿಚಿತನದು. ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರವಿನ್ಯಾಸಗಳೂ ಇಂತಹ ಕಟ್ಟುಗಳಾಗಿ ದೊರೆಯುತ್ತವೆ.

ನಾನು ಅದೇ ಟಿಪ್ಪಣಿಯನ್ನು ಯೂನಿಕೋಡಿನಲ್ಲಿ, ಸರಳ ಪಠ್ಯವಾಗಿ, ಮತ್ತೆ ಬರೆದು ಕಳುಹಿಸಿದೆನು. ಮಿತ್ರರು ಉಪಕರಣವನ್ನು ಸ್ಥಾಪಿಸಿಕೊಂಡು, ಅಂದವಾದ ಪುಟಗಳನ್ನು ಮುದ್ರಿಸಿ ಮಕ್ಕಳಿಗೆ ಹಂಚಿದರು.

ಕುಬ್ಜನು ಸ್ತಂಭದ ಮೇಲೆ ತನ್ನ ಹೆಸರನ್ನು ಬರೆದಿದ್ದಾನೆ. ಪ್ಯಾಕೇಜಿನ ವಿವರಪಟ್ಟಿಯಲ್ಲಿಯೂ ಅದನ್ನು ನೋಡಿಕೊಳ್ಳುವವರ ಹೆಸರು ಇರಲೇಬೇಕೆಂಬುದು ನಿಯಮ. ಇದು ಕೀರ್ತಿಗಾಗಿ ಅಲ್ಲ. ಕಟ್ಟಿನಲ್ಲಿ ದೋಷ ಕಂಡರೆ ಯಾರನ್ನು ಕೇಳಬೇಕೆಂದು ತಿಳಿಯುವುದಕ್ಕಾಗಿ.